ಪತ್ರಲೇಖೆ ಯಾರು?

ಬಾಣಭಟ್ಟ ತೀರಿಕೊಂಡಾಗ ಅವನ ಸಂಸ್ಕೃತ ಗದ್ಯಕಾವ್ಯ ‘ಕಾದಂಬರಿ’ ನಡುವಿಗೇ ನಿಂತಿತ್ತು. ವಿರಹದಲ್ಲಿ ಬೇಯುತ್ತಿರುವ ನಾಯಕಿ ಕಾದಂಬರಿಯ ಪಾಡನ್ನು ಪತ್ರಲೇಖೆ ನಾಯಕ ಚಂದ್ರಾಪೀಡನಿಗೆ ಹೇಳುತ್ತಿದ್ದಾಳೆ. ಅಷ್ಟರಲ್ಲಿ ಕವಿಯೇ ಇಲ್ಲ. ಮಗ ಭೂಷಣಭಟ್ಟ ಕಥೆಯನ್ನು ಕೈಗೆತ್ತಿಕೊಂಡ. ನಿಂತುಹೋದ ಕಥೆಗಾಗಿ ಸಜ್ಜನರು ನೊಂದರೆಂದು ಬರೆಯುತ್ತಿದ್ದೇನೆಯೇ ಹೊರತು ಕವಿಯೆಂಬ ಹಮ್ಮಿನಿಂದಲ್ಲ ಎಂದು ಮೊದಲೇ ಕೈಮುಗಿದ.

ವಿನಯ ಅಲ್ಲಿಗೇ ಮುಗಿಯಿತು. ಅಪ್ಪ ಮುದ್ದಿನಿಂದ ಬೆಳೆಸಿದ ನಾಯಕನನ್ನು ಮಗ ಕೊಂದೇಬಿಟ್ಟ. ಗೆಳೆಯ ವೈಶಂಪಾಯನ ಕಾದಂಬರಿಯ ಗೆಳತಿ ಮಹಾಶ್ವೇತೆಯ ಶಾಪಕ್ಕೆ ತುತ್ತಾದನೆಂದು ಕೇಳಿದ್ದೇ ತಡ, ಚಂದ್ರಾಪೀಡನ ಎದೆ ಒಡೆಯುತ್ತದೆ. ಆದರೆ ದೇಹ ಕೆಡುವುದಿಲ್ಲ, ಕಾದಂಬರಿ ಕಾದು ಕೂರುತ್ತಾಳೆ, ಕೊನೆಗೆ ಅವಳ ಅಪ್ಪುಗೆಯಲ್ಲಿ ಜೀವ ಮರಳುತ್ತದೆ. ಕಥೆಯ ಎಳೆ ‘ಬೃಹತ್ಕಥೆ’ಯದು, ಹಾಗಾಗಿ ದಾರಿ ತಪ್ಪುವ ಭಯವೇನೂ ಇರಲಿಲ್ಲ.

ತೊಡಕಿದ್ದದ್ದು ಪತ್ರಲೇಖೆಯ ವಿಷಯದಲ್ಲಿ. ಕುಲೂತದ ರಾಜಕುಮಾರಿ, ಸೆರೆಯಾಳಾಗಿ ಬಂದವಳು, ಯುವರಾಜನ ತಾಂಬೂಲ ಹೊರುವವಳು. ಹಗಲಿರುಳು ಅವನ ಮಗ್ಗುಲಲ್ಲೇ ಇದ್ದರೂ ಆ ಸಂಬಂಧಕ್ಕೆ ಬಾಣ ಹೆಸರಿಡಲಿಲ್ಲ. ಅವಳನ್ನು ಕಾವ್ಯ ಕಡೆಗಣಿಸಿತೆಂದು ರವೀಂದ್ರನಾಥ ಠಾಕೂರರು ಪ್ರಬಂಧವೊಂದರಲ್ಲಿ ತಕರಾರು ತೆಗೆದರು. ಭೂಷಣಭಟ್ಟನಿಗೂ ಈ ಖಾಲಿ ಜಾಗ ಚುಚ್ಚಿರಬೇಕು. ಇಂದ್ರಾಯುಧವೆಂಬ ಕುದುರೆಯೊಡನೆ ಅವಳನ್ನು ಅಚ್ಛೋದ ಸರೋವರಕ್ಕೆ ಹಾರಿಸಿ, ಆಮೇಲೆ ಗುಟ್ಟು ಬಿಚ್ಚಿದ: ಚಂದ್ರಾಪೀಡನೆಂದರೆ ಸಾಕ್ಷಾತ್ ಚಂದ್ರ, ಪತ್ರಲೇಖೆ ಅವನ ಹೆಂಡತಿ ರೋಹಿಣಿ. ಲೆಕ್ಕ ಚುಕ್ತಾ! ಜಾಣ ಉತ್ತರವೇ ಸರಿ, ಆದರೆ ಯಾರೂ ಕೇಳಿರಲಿಲ್ಲ. ಅಪ್ಪನ ಪತ್ರಲೇಖೆಯ ಸೊಗಸೆಲ್ಲ ಅವಳು ಯಾರೆಂದು ಹೇಳಲಾಗದ್ದರಲ್ಲೇ ಇತ್ತು.

ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಜ್ಞೆಯಂತೆ ಮುಗಿಸಿದ ತಿಮ್ಮಣ್ಣ ಕವಿಗೆ ಇಂಥ ಇಕ್ಕಟ್ಟಿರಲಿಲ್ಲ, ಬೆನ್ನಿಗೆ ವ್ಯಾಸರಿದ್ದರು.

ಕೊಡಗಿನ ಕಕ್ಕಬೆಯ ಕಡೆ ಒಬ್ಬರು ಬಿಟ್ಟ ಕಥೆಯನ್ನು ಇನ್ನೊಬ್ಬರು ಮುಗಿಸುವ ಈ ತಾಪತ್ರಯವೇ ಇಲ್ಲ. ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಪುತ್ತರಿ ಸುಗ್ಗಿಹಬ್ಬದ ದಿನ ಗೊತ್ತಾಗುವ ಊರದು. ಇಗ್ಗುತ್ತಪ್ಪ, ಪಾಲೂರಪ್ಪ, ತಂಗಿ ಪನ್ನಂಗಾಲ ತಮ್ಮೆ ಎಂಬ ದೇವತೆಗಳ ಕಥೆ ದುಡಿ ಹಿಡಿದ ನಾಲ್ವರ ಬಾಯಲ್ಲಿ ಬರುತ್ತದೆ. ಇಬ್ಬರು ಎತ್ತಿಕೊಟ್ಟ ಸಾಲನ್ನು ಇನ್ನಿಬ್ಬರು ಮರಳಿ ಹಾಡುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಸಂಗ್ರಹವನ್ನು ಅಚ್ಚಿಗೆ ಕೊಡುವ ಹೊತ್ತಿಗೆ ಇಂಥ ಹಾಡುಗಳು ಎಷ್ಟು ಗಂಟಲು ದಾಟಿದ್ದವೋ! ಮೂಲ ಕರ್ತನೇ ಇಲ್ಲದಲ್ಲಿ ಹೊಸಬನನ್ನು ಯಾರ ಪಕ್ಕ ನಿಲ್ಲಿಸಿ ಅಳೆಯುವುದು?

ಅಳೆಸಿಕೊಂಡವನು ಬ್ರ್ಯಾಂಡನ್ ಸ್ಯಾಂಡರ್ಸನ್. ‘ದಿ ವೀಲ್ ಆಫ್ ಟೈಮ್’ ಎಂಬ ಕಥಾಸರಣಿಯ ಹನ್ನೊಂದು ಸಂಪುಟ ಬರೆದ ರಾಬರ್ಟ್ ಜಾರ್ಡನ್ 2007ರಲ್ಲಿ ತೀರಿಕೊಂಡಾಗ, ಅವರ ಪತ್ನಿಯೂ ಸಂಪಾದಕಿಯೂ ಆದ ಹ್ಯಾರಿಯಟ್ ಮೆಕ್‌ಡೂಗಲ್ ಉಳಿದದ್ದನ್ನು ಈ ಯುವಕನಿಗೆ ಒಪ್ಪಿಸಿದರು. ಕೈಯಲ್ಲಿ ಜಾರ್ಡನ್‌ರ ಟಿಪ್ಪಣಿಗಳಿದ್ದವು. ಒಂದೇ ಪುಸ್ತಕವೆಂದುಕೊಂಡದ್ದು 2009ರಿಂದ 2013ರೊಳಗೆ ಮೂರಾಯಿತು. ಕಥೆ ದಡ ಸೇರಿತು, ಆದರೆ ಆ ಮೂರರಲ್ಲಿ ಮೊದಲನೆಯದರಲ್ಲಿ ಮ್ಯಾಟ್ ಎಂಬ ಪಾತ್ರ ಕೈಕೊಟ್ಟಿತು. ಜಾರ್ಡನ್‌ರ ಮ್ಯಾಟ್ ತಾನು ತಮಾಷೆಯವನೆಂದು ತನಗೇ ಗೊತ್ತಿಲ್ಲದ ಜೂಜುಕೋರ; ಸ್ಯಾಂಡರ್ಸನ್‌ರ ಮ್ಯಾಟ್ ನಗಿಸಲೆಂದೇ ಮಾತಾಡುತ್ತಾನೆ. ಓದುಗರು ಬಿಡಲಿಲ್ಲ, ಲೇಖಕರೂ ಒಪ್ಪಿಕೊಂಡರು.

ಆದರೆ ಭೂಷಣಭಟ್ಟ ತಡೆಯಲಾರದೆ ಮಾಡಿದ್ದನ್ನು ಸ್ಯಾಂಡರ್ಸನ್ ಮಾಡಲಿಲ್ಲ. ಕೊನೆಯ ದೃಶ್ಯ ಜಾರ್ಡನ್ ಬರೆದಿಟ್ಟು ಹೋದದ್ದು. ಅದರಲ್ಲಿ ನಾಯಕ ರ್‍ಯಾಂಡ್ ಸುಮ್ಮನೆ ಮನಸ್ಸಿನಲ್ಲಿ ನೆನೆದೊಡನೆ ಅವನ ಹೊಗೆಸೊಪ್ಪಿನ ಪೈಪು ಹೊತ್ತಿಕೊಳ್ಳುತ್ತದೆ. ಹೇಗೆಂದು ಪುಸ್ತಕದಲ್ಲಿಲ್ಲ. ಸ್ಯಾಂಡರ್ಸನ್ ಅಲ್ಲಿ ವಿವರಣೆ ಸೇರಿಸಲಿಲ್ಲ. ಓದುಗರ ನಡುವೆ ಅದರ ವಾದ ಇನ್ನೂ ಮುಗಿದಿಲ್ಲ.