ಅರಳು ಮರಳೆಂದು ಕೈಬಿಡುವ ಮುನ್ನ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಯಾವ ಮನೆಯಲ್ಲಿ ತಾನೇ ಕೇಳಿಬರುವುದಿಲ್ಲ? ತಾತ ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆತರೆ ನಗುತ್ತಾ ಹೀಗೆನ್ನುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ತಾತ, ಜೀವಮಾನವೆಲ್ಲ ರೇಷ್ಮೆಗೂಡು ಹೊತ್ತು ನಡೆದ ಮಾರುಕಟ್ಟೆಯ ಹಾದಿಯಲ್ಲಿಯೇ ದಿಕ್ಕು ತೋರದೆ ನಿಂತರೆ, ಸಂಜೆಯಾದೊಡನೆ ಸ್ವಂತ ಮನೆಯ ಜಗಲಿಯಲ್ಲಿ ಕುಳಿತು ‘ಮನೆಗೆ ಹೋಗಬೇಕು’ ಎಂದು ಹಟ ಹಿಡಿದರೆ, ಆಗಲೂ ಅದೇ ಗಾದೆಯನ್ನು ಹೇಳಿ ಸುಮ್ಮನಾಗುವುದು ತಪ್ಪು. ಅದು ಬರಿಯ ವಯಸ್ಸಲ್ಲ, ರೋಗ. ವೈದ್ಯರು ಅದನ್ನು ಡಿಮೆನ್ಷಿಯ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಇದಕ್ಕೆ ತುತ್ತಾಗಿದ್ದಾರೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದರ ಪ್ರಮಾಣ ಹೆಚ್ಚು.

ನಮಗೆ ಗೊತ್ತಿರುವ ಒಂದು ಮನೆಯ ಸಂಗತಿಯನ್ನು ಹೇಳಬೇಕು. ಮುದುಕಿಯು ತನ್ನ ಚಿನ್ನದ ಸರವನ್ನು ಸೊಸೆ ಕದ್ದಳೆಂದು ಬೀದಿಯಲ್ಲಿ ನಿಂತು ಕೂಗಿದರು. ಸರ ಅಕ್ಕಿಯ ಡಬ್ಬದಲ್ಲಿತ್ತು, ಅಲ್ಲಿಟ್ಟವರು ಅವರೇ. ಆದರೂ ಬೆಂಗಳೂರಿನಲ್ಲಿದ್ದ ಹಿರಿಯ ಮಕ್ಕಳು ತಾಯಿಯ ಮಾತನ್ನೇ ನಂಬಿದರು. ಎರಡು ವರ್ಷ ಮನೆ ಒಡೆದುಹೋಯಿತು. ಇಲ್ಲದ ಕಳವನ್ನು ಹೊರಿಸುವುದು ಈ ರೋಗದ ಪರಿಚಿತ ಲಕ್ಷಣವೆಂದು ಮೊದಲ ತಿಂಗಳಿನಲ್ಲೇ ಯಾರಾದರೂ ತಿಳಿಸಿದ್ದರೆ ಇಷ್ಟು ನೋವು ಇರುತ್ತಿರಲಿಲ್ಲ. ತಿಳಿಸಬಹುದಾಗಿದ್ದವರಲ್ಲಿ ನಾವೂ ಒಬ್ಬರು. ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದದೊಡನೆ ಆ ಮನೆಗೆ ಹೋಗುತ್ತಿದ್ದೆವು. ಐದು ನಿಮಿಷದಲ್ಲಿ ಹಿಂದಿರುಗುತ್ತಿದ್ದೆವು. ರಾತ್ರಿ ಯಾರು ಎಚ್ಚರವಿರುತ್ತಾರೆಂದು ಒಮ್ಮೆಯೂ ಕೇಳಲಿಲ್ಲ. ಅದಕ್ಕಿಂತ ಹೆಚ್ಚಿನ ತಪ್ಪೆಂದರೆ, ಭಾನುವಾರದ ಬಲಿಪೂಜೆಗೆ ಏಕೆ ಬರುವುದಿಲ್ಲವೆಂದು ಆ ಸೊಸೆಯನ್ನು ಬಾಗಿಲಲ್ಲೇ ನಿಂತು ಆಕ್ಷೇಪಿಸಿದೆವು.

ವೈದ್ಯರಲ್ಲಿಗೆ ಹೋಗಲು ತಡಮಾಡಬಾರದೆಂಬುದಕ್ಕೆ ಇನ್ನೊಂದು ಕಾರಣವಿದೆ. ಮರೆವೆಲ್ಲವೂ ಡಿಮೆನ್ಷಿಯವಲ್ಲ. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಕೆಲವೊಮ್ಮೆ ನುಂಗುತ್ತಿರುವ ಮಾತ್ರೆಗಳೇ ಬುದ್ಧಿಯನ್ನು ಮಂಕುಗೊಳಿಸಬಲ್ಲವು, ಇವುಗಳಿಗೆ ಚಿಕಿತ್ಸೆಯುಂಟು. ಆಲ್‌ಝೈಮರ್ ರೋಗವನ್ನು ಗುಣಪಡಿಸುವ ಔಷಧವಿಲ್ಲ ನಿಜ, ಆದರೆ ನಿದ್ರೆಯನ್ನೂ ಉದ್ವೇಗವನ್ನೂ ಹತೋಟಿಗೆ ತರುವ ಉಪಾಯಗಳನ್ನು ಬಲ್ಲವರಿಂದ ಕಲಿಯಬಹುದು. 2022ರಲ್ಲಿ ರಾಜ್ಯ ಸರ್ಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಸೇರಿ ಮಿದುಳಿನ ಆರೋಗ್ಯಕ್ಕೆಂದೇ ಯೋಜನೆಯೊಂದನ್ನು ಕೈಗೊಂಡವು. ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಆರಂಭವಾದ ಚಿಕಿತ್ಸಾಲಯಗಳನ್ನು ಬಳಿಕ ಇತರ ಜಿಲ್ಲಾ ಆಸ್ಪತ್ರೆಗಳಿಗೂ ವಿಸ್ತರಿಸಲಾಯಿತು. ಆದುದರಿಂದ ಮೊದಲು ರಾಮನಗರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಮನೆಯಿಂದ ಹೊರಡಲಾಗದವರು 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567.

ಜಮೀನಿನ ಮಾತನ್ನೂ ಆಡದಿರಲಾಗದು. ಬೆಂಗಳೂರು ಹತ್ತಿರ ಬಂದಂತೆಲ್ಲ ಇಲ್ಲಿ ಮುದುಕರ ಹೆಬ್ಬೆಟ್ಟಿಗೆ ಬೆಲೆ ಬಂದಿದೆ. ತಿಳಿವಳಿಕೆ ಇಲ್ಲದ ಸ್ಥಿತಿಯಲ್ಲಿ ಮಾಡಿಕೊಂಡ ಕರಾರು 1872ರ ಕಾಯಿದೆಯಂತೆ ಊರ್ಜಿತವಲ್ಲ. ನೋಡಿಕೊಳ್ಳುವ ಷರತ್ತಿನ ಮೇಲೆ ದಾನಪತ್ರ ಬರೆಸಿಕೊಂಡು ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಲಿಯು ಆ ಪತ್ರವನ್ನು ಅನೂರ್ಜಿತಗೊಳಿಸಬಹುದು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ, ನೆನಪು ಎಲ್ಲಿಯವರೆಗೆ ಚಾಚುವುದೋ ಅಲ್ಲಿಯವರೆಗೆ ಮನುಷ್ಯನು ಅದೇ ವ್ಯಕ್ತಿಯೆಂಬ ಜಾನ್ ಲಾಕನ ವಾದವನ್ನು ಪರೀಕ್ಷೆಗೆ ಚೆನ್ನಾಗಿಯೇ ಬರೆದಿದ್ದೆವು. ಆ ಮುದುಕಿಗೆ ಹೆತ್ತ ಮಗನ ಹೆಸರು ತಿಳಿಯದು. ಜಪಸರ ಆರಂಭಿಸಿದರೆ ತುಟಿಗಳು ತಾವಾಗಿಯೇ ಜೊತೆಗೂಡುತ್ತವೆ. ಲಾಕನ ವಾದಕ್ಕೆ ಅವರ ಹಾಸಿಗೆಯ ಬಳಿ ನೆಲೆ ಸಿಗಲಿಲ್ಲ. ಸಿರಾಖ ಗ್ರಂಥದ 3ನೆಯ ಅಧ್ಯಾಯವು ಬುದ್ಧಿ ಕುಂದಿದ ತಂದೆಯನ್ನೂ ಸಹನೆಯಿಂದ ಕಾಣಬೇಕೆಂದು ವಿಧಿಸುತ್ತದೆ. ನಾವು ಗುರುಗಳು ಇದನ್ನು ಕುರಿತು ಎಷ್ಟೋ ಬಾರಿ ಪ್ರಬೋಧನೆ ಮಾಡಿದ್ದೇವೆ. ಆದರೆ ಗ್ರಂಥಕರ್ತನು ಅದನ್ನು ಹೇಳುವುದು ಮಗನಿಗೆ. ನಮ್ಮ ಮನೆಗಳು ಅದನ್ನು ಸದ್ದಿಲ್ಲದೆ ಸೊಸೆಗೆ ವರ್ಗಾಯಿಸಿವೆ. ತಿಂಗಳಿಗೊಮ್ಮೆ ಹಣ್ಣಿನ ಬುಟ್ಟಿಯೊಡನೆ ಕಾರಿನಲ್ಲಿ ಬಂದು, ಅಮ್ಮ ಸೊರಗಿದ್ದಾರಲ್ಲಾ ಎಂದು ದೂರಿ ಹೋಗುವ ಮಕ್ಕಳು ಒಂದು ವಾರ ರಾತ್ರಿ ಅಲ್ಲಿ ಮಲಗಿ ನೋಡಲಿ. ಖರ್ಚಿನ ಪಾಲು ಮಾತ್ರವಲ್ಲ, ಎಚ್ಚರದ ಪಾಲೂ ಆಗಬೇಕು.

ಆ ಸೊಸೆಯ ಬಳಿಗೆ ಹೋಗಿ ನಾವು ಕ್ಷಮೆ ಕೇಳಿದೆವು. ಧರ್ಮಕೇಂದ್ರದಿಂದ ಏನು ಸಹಾಯ ಬೇಕಮ್ಮಾ ಎಂದಾಗ ಆಕೆ ಹಣ ಕೇಳಲಿಲ್ಲ. ‘ಭಾನುವಾರ ಯಾರಾದರೂ ಎರಡು ಗಂಟೆ ಅತ್ತೆಯ ಹತ್ತಿರ ಕೂತರೆ ಪೂಜೆಗೆ ಬರ್ತೀನಿ ಸ್ವಾಮಿ’ ಎಂದರು. ಮೂರು ಭಕ್ತಿಸಂಘಗಳಿರುವ ನಮ್ಮ ಧರ್ಮಕೇಂದ್ರದಲ್ಲಿ ಆ ಎರಡು ಗಂಟೆಗೆ ಜನರನ್ನು ಹೊಂದಿಸಲು ಎರಡು ತಿಂಗಳು ಹಿಡಿಯಿತು. ಈಗ ನಾಲ್ವರು ಸರದಿಯಂತೆ ಹೋಗುತ್ತಿದ್ದಾರೆ. ಅವರಲ್ಲಿ ಒಬ್ಬರು ಬೆಂಗಳೂರಿನಿಂದ ಬರುವ ಹಿರಿಯ ಮಗ.