ಲೈಸೆನ್ಸು ಸರ್ಕಾರದ್ದು, ಫೀಜು ಕಂಪನಿಯದು

ಚನ್ನಗಿರಿಯಲ್ಲಿ ಅಡಿಕೆ ಗೋದಾಮಿಗೆ ಬೆಂಕಿ ಬೀಳಲಿ, ಹೊನ್ನಾಳಿಯಲ್ಲಿ ತುಂಗಭದ್ರೆ ಅಂಗಡಿಯೊಳಗೆ ನುಗ್ಗಲಿ, ನ್ಯಾಮತಿಯಲ್ಲಿ ಜವಳಿ ಸುಡಲಿ, ಜಗಳೂರಿನ ದಾರಿಯಲ್ಲಿ ಸರಕಿನ ಲಾರಿ ಮಗುಚಲಿ. ವಿಮೆ ಹಣ ಕೇಳಿದವನ ನಷ್ಟ ಎಷ್ಟೆಂದು ಬರೆಯುವವರು ಸರ್ವೇಯರ್ ಸಾಹೇಬರು.

ಈ ಕೆಲಸ ಯಾರೆಂದರೆ ಅವರು ಮಾಡುವಂತಿಲ್ಲ. 1938ರ ವಿಮಾ ಕಾಯಿದೆಗೆ 1968ರಲ್ಲಿ ತಿದ್ದುಪಡಿ ತಂದು, ನಿಗದಿತ ಮೊತ್ತ ಮೀರಿದ ನಷ್ಟವನ್ನು ಲೈಸೆನ್ಸುದಾರರೇ ಅಳೆಯಬೇಕೆಂದು ವಿಧಿಸಿದರು. ಈಗ ಲೈಸೆನ್ಸು ಕೊಡುವುದು ವಿಮಾ ನಿಯಂತ್ರಣ ಪ್ರಾಧಿಕಾರ. ಓದು, ತರಬೇತಿ, ಪರೀಕ್ಷೆ ಎಲ್ಲವೂ ಉಂಟು. ಇರಲಿ, ನೂಲಿನ ಯಂತ್ರ ಕಂಡರಿಯದವನು ಅದರ ಬೆಲೆ ಕಟ್ಟಬಾರದು.

ಆದರೆ ಇವರನ್ನು ನೇಮಿಸುವವರು ಯಾರು? ಕಂಪನಿ. ಫೀಜು ಕೊಡುವವರು? ಅದೇ ಕಂಪನಿ. ನಾಳೆ ಮತ್ತೊಂದು ಕೆಲಸ ಕೊಡುವುದೂ ಅದೇ. ತಕ್ಕಡಿ ಹಿಡಿದವನ ಕೂಲಿ ಒಂದೇ ಕಡೆಯಿಂದ ಬಂದರೆ ಮುಳ್ಳು ಎತ್ತ ವಾಲುತ್ತದೆಂದು ಮಂಡಿಯ ಜನಕ್ಕೆ ಹೇಳಿಕೊಡಬೇಕೆ? ಅವರಲ್ಲಿ ಪ್ರಾಮಾಣಿಕರಿದ್ದಾರೆ, ನಾವೂ ಬಲ್ಲೆವು. ಅವರ ಪ್ರಾಮಾಣಿಕತೆಗೇ ಈ ಏರ್ಪಾಡು ಕಷ್ಟ ತರುತ್ತಿದೆ.

ಗಿರಣಿ ಸುಟ್ಟು ಮಾಲೀಕನ ಕ್ಲೇಮು ಕಡತದಲ್ಲಿ ಕೂತರೆ ಬಾಗಿಲು ತೆರೆಯುವುದು ತಡವಾಗುತ್ತದೆ. ಆ ದಿನಗಳ ಕೂಲಿಯನ್ನು ಯಾವ ಸರ್ವೇಯರೂ ಅಳೆಯುವುದಿಲ್ಲ.

ಸರ್ವೇಯರ್ ವರದಿಯೇ ಕೊನೆಯ ಮಾತಲ್ಲವೆಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿತು. ತನಗೆ ಒಪ್ಪುವ ವರದಿ ಸಿಗುವತನಕ ಕಂಪನಿ ಒಬ್ಬರಾದ ಮೇಲೊಬ್ಬರನ್ನು ಕಳುಹಿಸುತ್ತ ಹೋಗುವಂತಿಲ್ಲವೆಂದೂ ಅದೇ ವರ್ಷ ಹೇಳಿತು. ಸಂತೆಪೇಟೆಯ ಎಷ್ಟು ಅಂಗಡಿಗಳಿಗೆ ಈ ಸುದ್ದಿ ಮುಟ್ಟಿದೆ?

ಲೈಸೆನ್ಸು ಕೊಡುವ ಪ್ರಾಧಿಕಾರವೇ ಸರದಿಯ ಪ್ರಕಾರ ಸರ್ವೇಯರನ್ನು ಕಳುಹಿಸಲಿ. ಕಂಪನಿಗಳೆಲ್ಲ ಕೂಡಿಟ್ಟ ನಿಧಿಯಿಂದ ಫೀಜು ಸಲ್ಲಲಿ. ಅಲ್ಲಿಯತನಕ ವ್ಯಾಪಾರಿ ಬಂಧುಗಳು ಖಾಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ, ವರದಿಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ.