ಷರಾ ಕಾಲಂ ಇಲ್ಲದ ಪಟ್ಟಿ



ಶಾಲೆಗಳ ಪ್ರವೇಶದ ದಿನಗಳು ಸಮೀಪಿಸಿತೆಂದರೆ ನಮ್ಮ ಸಂಘದ ಸಭೆಗಳಲ್ಲಿ ಬೇರೆ ಮಾತುಗಳೆಲ್ಲ ಹಿಂದಕ್ಕೆ ಸರಿಯುತ್ತವೆ. ಊರಿನ ಮಳೆ ಬೆಳೆಯ ಸುದ್ದಿ ಕೇಳುವವರಿಲ್ಲ, ನಾಟಕದ ತಾಲೀಮಿಗೆ ಜನರಿಲ್ಲ. ಚಹದ ಬಟ್ಟಲು ಕೈಯಲ್ಲಿ ಹಿಡಿದು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಹುಡುಗನನ್ನು ಎಲ್ಲಿ ಹಾಕಿದಿರಿ, ಹುಡುಗಿಯನ್ನು ಎಲ್ಲಿ ಹಾಕುವಿರಿ?

ಹಿಂದಿನ ತಿಂಗಳ ಸಭೆ ಮುಗಿದಾಗ ಡೊಂಬಿವಲಿಯ ಮಿತ್ರರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಧಾರವಾಡದ ಕಡೆಯವರು, ಮುಂಬಯಿಗೆ ಬಂದು ಇಪ್ಪತ್ತು ವರ್ಷಗಳಾದವು. ಮೊಬೈಲಿನಲ್ಲಿ ಒಂದು ಪಟ್ಟಿಯನ್ನು ತೆರೆದು ತೋರಿಸಿ, “ಇದನ್ನ ನಿಮ್ಮ ಅಂಕಣದಾಗ ಹಾಕಿಬಿಡ್ರಿ. ನಾಕು ಮಂದಿಗೆ ಉಪಯೋಗ ಆಗ್ತದ” ಎಂದರು.

ಪಟ್ಟಿಯಲ್ಲಿ ನಮ್ಮ ಉಪನಗರಗಳ ಇಪ್ಪತ್ತೆರಡು ಹೈಸ್ಕೂಲುಗಳ ಹೆಸರುಗಳಿದ್ದವು. ಪ್ರತಿಯೊಂದರ ಮುಂದೆಯೂ ಅಲ್ಲಿ ಓದಿಹೋದ ಮಕ್ಕಳು ಎಂ.ಎಚ್.ಟಿ.-ಸಿ.ಇ.ಟಿ. ಪರೀಕ್ಷೆಯಲ್ಲಿ ಪಡೆದ ಪರ್ಸೆಂಟೈಲಿನ ಸರಾಸರಿ. ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಜೋಡಿಸಿದ್ದರು. ಮಿತ್ರರ ಮಗಳು ಎಂಟನೆಯ ತರಗತಿ ಓದುತ್ತಿರುವ, ನಮ್ಮವರೇ ನಡೆಸುವ ಕನ್ನಡ ಶಾಲೆಯ ಹೆಸರು ಹತ್ತೊಂಬತ್ತನೆಯದು. ಜೂನಿನಲ್ಲಿ ಅವಳನ್ನು ಅಲ್ಲಿಂದ ಬಿಡಿಸಿ, ಪಟ್ಟಿಯಲ್ಲಿ ಎರಡನೆಯದಾಗಿರುವ ಶಾಲೆಗೆ ಸೇರಿಸುವುದೆಂದು ಅವರು ನಿಶ್ಚಯಿಸಿದ್ದರು. ಅದಕ್ಕೆ ಲೋಕಲ್ ಗಾಡಿಯಲ್ಲಿ ಒಂದು ತಾಸಿನ ದಾರಿ. ಫೀಜಿಗಾಗಿ ಮನೆಯವರ ಎರಡು ಬಳೆಗಳನ್ನು ಅಡವಿಡುವ ಮಾತೂ ನಡೆದಿತ್ತು.

ನನ್ನದು ಸರಕಾರಿ ಕಛೇರಿಯ ಗುಮಾಸ್ತಿಕೆ. ದಿನ ಬೆಳಗಾದರೆ ತಖ್ತೆಗಳ ಸಹವಾಸ. ಮೊತ್ತ ಎಷ್ಟೇ ಸರಿಯಾಗಿರಲಿ, ಷರಾ ಕಾಲಂ ಖಾಲಿ ಬಿಟ್ಟ ತಖ್ತೆಯನ್ನು ನಮ್ಮ ಸಾಹೇಬರು ಸಹಿ ಮಾಡದೆ ಹಿಂದಕ್ಕೆ ಕಳಿಸುತ್ತಾರೆ. ಅದೇ ಅಭ್ಯಾಸಬಲದಿಂದ ನಾನು ಈ ಪಟ್ಟಿಯನ್ನೂ ನೋಡಿದೆ. ಎಷ್ಟು ಮಕ್ಕಳ ಸರಾಸರಿ ಎಂದು ಬರೆದಿರಲಿಲ್ಲ. ಯಾವ ವರ್ಷದ್ದೆಂದಿರಲಿಲ್ಲ. ಯಾರು ಕೂಡಿಸಿದರು, ಎಲ್ಲಿಂದ ತಂದರು ಎಂಬುದೂ ಇರಲಿಲ್ಲ. “ಪಟ್ಟಿಯನ್ನು ಒಂದು ವಾರ ನನ್ನ ಹತ್ತಿರ ಬಿಡಿ. ಅಲ್ಲಿಯವರೆಗೆ ಬಳೆ ಮನೆಯಲ್ಲೇ ಇರಲಿ” ಎಂದು ಹೇಳಿ ಬಂದೆ.

ಆ ವಾರದಲ್ಲಿ ನನಗೆ ತೋರಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯ ಮಾತು: ಮಹಾರಾಷ್ಟ್ರದಲ್ಲಿ ಹೈಸ್ಕೂಲು ಹತ್ತನೆಯ ತರಗತಿಗೆ ಮುಗಿಯುತ್ತದೆ. ಅನಂತರದ ಎರಡು ವರ್ಷ ಜೂನಿಯರ್ ಕಾಲೇಜು. ಸಿ.ಇ.ಟಿ. ಬರುವುದು ಅದರ ಕೊನೆಗೆ. ಆ ಪರೀಕ್ಷೆಯ ಪ್ರಶ್ನೆಗಳಲ್ಲಿ ಸುಮಾರು ಶೇಕಡಾ 20 ಹನ್ನೊಂದನೆಯ ತರಗತಿಯ ಪಾಠದವು, ಶೇಕಡಾ 80 ಹನ್ನೆರಡನೆಯ ತರಗತಿಯವು. ಹೈಸ್ಕೂಲು ಹಾಕಿದ ತಳಹದಿ ಮುಖ್ಯವೇ, ಇಲ್ಲವೆನ್ನುವುದಿಲ್ಲ. ಆದರೆ ಎರಡು ವರ್ಷ ಬೇರೊಂದು ಕಾಲೇಜಿನಲ್ಲಿ, ಅದರ ಜೊತೆಗೆ ಬಹುಮಟ್ಟಿಗೆ ಒಂದು ಕೋಚಿಂಗ್ ಕ್ಲಾಸಿನಲ್ಲಿ ಕಲಿತ ಹುಡುಗನ ಅಂಕವನ್ನು ಪೂರ್ತಿಯಾಗಿ ಹಿಂದಿನ ಹೈಸ್ಕೂಲಿನ ಖಾತೆಗೆ ಜಮಾ ಮಾಡುವುದು ಯಾವ ಲೆಕ್ಕ? ನಾಟಿ ಮಾಡಿದವನೊಬ್ಬ, ನೀರು ಹಾಯಿಸಿದವನೊಬ್ಬ. ಸುಗ್ಗಿಯೆಲ್ಲ ಒಬ್ಬನ ಕಣಜಕ್ಕೆ!

ಎರಡನೆಯದು, ಸರಾಸರಿಯ ಮರ್ಮ. ಲೆಕ್ಕಕ್ಕಾಗಿ ಎರಡು ಶಾಲೆಗಳನ್ನು ಕಲ್ಪಿಸಿಕೊಳ್ಳೋಣ. ಒಂದರಲ್ಲಿ 40 ಮಕ್ಕಳು. ಅವರಲ್ಲಿ 10 ಮಂದಿ ಮಾತ್ರ ಸಿ.ಇ.ಟಿ.ಗೆ ಕುಳಿತರು, ಸರಾಸರಿ 92, ಅವರಲ್ಲಿ 90ರ ಮೇಲೆ ಪಡೆದವರು 6 ಮಂದಿ. ಇನ್ನೊಂದರಲ್ಲಿ 120 ಮಕ್ಕಳು, 100 ಮಂದಿ ಕುಳಿತರು, ಸರಾಸರಿ 78, 90ರ ಮೇಲೆ ಪಡೆದವರು 30 ಮಂದಿ. ಪಟ್ಟಿಯಲ್ಲಿ ಮೊದಲನೆಯ ಶಾಲೆ ತುದಿಯಲ್ಲಿ, ಎರಡನೆಯದು ಬಹಳ ಕೆಳಗೆ. ಆದರೆ ಶಾಲೆಯ ಎಲ್ಲ ಮಕ್ಕಳನ್ನೂ ಎಣಿಸಿದರೆ ಮೊದಲನೆಯದರಲ್ಲಿ ನೂರಕ್ಕೆ 15 ಮಂದಿ, ಎರಡನೆಯದರಲ್ಲಿ ನೂರಕ್ಕೆ 25 ಮಂದಿ 90ನ್ನು ದಾಟಿದರು. ಧೈರ್ಯ ಹೇಳಿ ಹೆಚ್ಚು ಮಕ್ಕಳನ್ನು ಪರೀಕ್ಷೆಗೆ ಕೂರಿಸಿದ ಶಾಲೆಗೆ ಈ ಪಟ್ಟಿ ದಂಡ ಹಾಕುತ್ತದೆ. ಸುಮಾರಾದವರನ್ನು ಹಿಂದೆ ನಿಲ್ಲಿಸಿದ ಶಾಲೆಗೆ ಬಹುಮಾನ ಕೊಡುತ್ತದೆ.

ಪರ್ಸೆಂಟೈಲ್ ಎಂಬ ಮಾತಿನಲ್ಲಿಯೂ ಅನೇಕರು ಎಡವುತ್ತಾರೆ. 90 ಪರ್ಸೆಂಟೈಲ್ ಎಂದರೆ ನೂರಕ್ಕೆ 90 ಅಂಕಗಳಲ್ಲ. ಪರೀಕ್ಷೆ ಹಲವು ಪಾಳಿಗಳಲ್ಲಿ ನಡೆಯುತ್ತದೆ. ಅದೇ ಪಾಳಿಯಲ್ಲಿ ಕುಳಿತವರ ಪೈಕಿ ನೂರಕ್ಕೆ 90 ಮಂದಿ ನಿಮ್ಮ ಮಗುವಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದರೆಂದು ಅದರ ಅರ್ಥ. ಅದು ಸಾಲಿನಲ್ಲಿ ನಿಂತ ಜಾಗವೇ ಹೊರತು ಕಲಿತ ವಿದ್ಯೆಯ ತೂಕವಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಒಳಗೆ ಬಂದವರು ಯಾರು? ಹನ್ನೊಂದನೆಯ ತರಗತಿಯ ಪ್ರವೇಶ ಇಲ್ಲಿ ಆನ್‌ಲೈನಿನಲ್ಲಿ ಒಟ್ಟಾಗಿ ನಡೆಯುತ್ತದೆ. ಯಾವ ಜೂನಿಯರ್ ಕಾಲೇಜು ಹತ್ತನೆಯ ತರಗತಿಯ ಎಷ್ಟು ಅಂಕಕ್ಕೆ ಬಾಗಿಲು ಮುಚ್ಚಿತೆಂಬ ಕಟ್-ಆಫ್ ಪ್ರಕಟವಾಗುತ್ತದೆ. ಶೇಕಡಾ 95ಕ್ಕಿಂತ ಕಡಿಮೆ ಇದ್ದವರನ್ನು ಒಳಗೇ ಬಿಡದ ಕಾಲೇಜಿನಿಂದ ಒಳ್ಳೆಯ ಫಲಿತಾಂಶ ಬಂದರೆ ಅದರಲ್ಲಿ ಕಾಲೇಜಿನ ಪಾಲೆಷ್ಟು, ಹುಡುಗರ ಪಾಲೆಷ್ಟು? 70 ಪಡೆದವರನ್ನು ಸೇರಿಸಿಕೊಂಡು ಅವರಲ್ಲಿ ನಾಲ್ಕಾರು ಮಂದಿಯನ್ನು ಒಳ್ಳೆಯ ಇಂಜಿನಿಯರಿಂಗ್ ಕಾಲೇಜಿಗೆ ಮುಟ್ಟಿಸಿದ ಉಪಾಧ್ಯಾಯರ ಶ್ರಮ ಯಾವ ಕಾಲಂನಲ್ಲಿದೆ?

ಇಂಗ್ಲೆಂಡಿನವರು 1992ರಿಂದ ಶಾಲೆಗಳ ಫಲಿತಾಂಶಗಳನ್ನು ಪಟ್ಟಿಮಾಡಿ ಪ್ರಕಟಿಸುತ್ತ ಬಂದರು. ಬರೀ ಕೊನೆಯ ಅಂಕ ನೋಡುವುದು ಅನ್ಯಾಯವೆಂಬ ಆಕ್ಷೇಪ ಅಲ್ಲಿಯೂ ಬಂದಿತು. 2016ರಲ್ಲಿ ಅವರು ‘ಪ್ರೋಗ್ರೆಸ್ 8’ ಎಂಬ ಅಳತೆಯನ್ನು ಜಾರಿಗೆ ತಂದರು. ಹನ್ನೊಂದು ವರ್ಷದ ವಯಸ್ಸಿನಲ್ಲಿ ಒಂದೇ ಮಟ್ಟದಲ್ಲಿದ್ದ ಮಕ್ಕಳು ಹದಿನಾರರ ವೇಳೆಗೆ ಎಂಟು ವಿಷಯಗಳಲ್ಲಿ ಎಷ್ಟು ಮುಂದೆ ಬಂದರೆಂದು ಹೋಲಿಸುವ ಕ್ರಮವದು. ಮಹಾಮಾರಿಯ ದೆಸೆಯಿಂದ 2020 ಮತ್ತು 2021ರಲ್ಲಿ ಆ ಹನ್ನೊಂದರ ಪರೀಕ್ಷೆಗಳು ನಡೆಯಲಿಲ್ಲ. ಆದಕಾರಣ ಆ ತಂಡದ ಮಕ್ಕಳಿಗೆ ಈ ಲೆಕ್ಕ ಹಾಕುವುದೇ ಸಾಧ್ಯವಾಗಲಿಲ್ಲ. ಹೊರಟ ಜಾಗ ತಿಳಿಯದೆ ನಡೆದ ದೂರ ತಿಳಿಯದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೆ?

ಇನ್ನು ಬಣ್ಣಬಣ್ಣದ ಫಲಕಗಳು. ರೈಲು ನಿಲ್ದಾಣದಿಂದ ಹೊರಗೆ ಬಂದರೆ ಸಾಕು, ಒಂದೇ ಮಗುವಿನ ಮುಖ ಎರಡು ಸಂಸ್ಥೆಗಳ ಫಲಕದ ಮೇಲೆ ನಗುತ್ತಿರುತ್ತದೆ. ಈ ಹಾವಳಿಯನ್ನು ತಡೆಯಲು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಕೋಚಿಂಗ್ ಸಂಸ್ಥೆಗಳ ಜಾಹೀರಾತಿಗೆ ನಿಯಮಗಳನ್ನು ಹೊರಡಿಸಿತು. ಯಶಸ್ವಿಯಾದ ವಿದ್ಯಾರ್ಥಿಯ ರ‍್ಯಾಂಕಿನ ಜೊತೆಗೆ ಅವನು ಯಾವ ಕೋರ್ಸು ಓದಿದ, ಎಷ್ಟು ಕಾಲ ಓದಿದ, ಹಣ ಕೊಟ್ಟು ಓದಿದನೇ ಎಂಬುದನ್ನು ತಿಳಿಸಬೇಕು. ಅದೇ ವರ್ಷದ ಜನವರಿಯಲ್ಲಿ ಶಿಕ್ಷಣ ಸಚಿವಾಲಯವು ಹದಿನಾರು ವರ್ಷ ತುಂಬದ ಮಕ್ಕಳನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂಬ ಮಾರ್ಗಸೂಚಿಯನ್ನೂ ಹೊರಡಿಸಿತು. ಎಂಟನೆಯ ತರಗತಿಯಿಂದಲೇ ಮಕ್ಕಳನ್ನು ಕೋಚಿಂಗಿಗೆ ಕಳಿಸಹೊರಟ ತಂದೆತಾಯಿಗಳು ಇದನ್ನು ಗಮನಿಸಬೇಕು.

ಅಂಕಿಗಳನ್ನು ನೋಡಿ ಮೋಸಹೋಗುವುದು ಎಷ್ಟು ಸುಲಭವೆಂಬುದಕ್ಕೆ ಮತ್ತೊಂದು ಉದಾಹರಣೆ. 2024ರ ನೀಟ್ ಪರೀಕ್ಷೆಯ ಗಲಾಟೆ ನಿಮಗೆಲ್ಲ ನೆನಪಿರಬಹುದು. ಸುಪ್ರೀಂ ಕೋರ್ಟಿನ ಆಜ್ಞೆಯಂತೆ ಆ ಜುಲೈಯಲ್ಲಿ ಊರುವಾರು, ಕೇಂದ್ರವಾರು ಫಲಿತಾಂಶಗಳನ್ನು ಪ್ರಕಟಿಸಿದರು. ಅನೇಕ ಕೇಂದ್ರಗಳಿಗೆ ಶಾಲೆಗಳ ಹೆಸರೇ ಇದ್ದುದರಿಂದ, ಅವು ಆಯಾ ಶಾಲೆಗಳ ಫಲಿತಾಂಶಗಳೆಂದು ಭ್ರಮಿಸುವುದು ಸುಲಭ. ಆದರೆ ಅಲ್ಲಿ ಪರೀಕ್ಷೆಗೆ ಕುಳಿತವರು ಎಲ್ಲೆಲ್ಲಿಂದಲೋ ಬಂದವರು. ಆ ಕಟ್ಟಡ ಅವರಿಗೆ ಬೆಂಚು ಕೊಟ್ಟಿತೇ ಹೊರತು ವಿದ್ಯೆ ಕೊಟ್ಟಿರಲಿಲ್ಲ.

ಹೊರನಾಡಿನಲ್ಲಿರುವ ನಾವು ನೆನಪಿಡಬೇಕಾದ ಮಾತೊಂದಿದೆ. ಎಲ್ಲ ಬಾಗಿಲಿಗೂ ಒಂದೇ ಬೀಗದ ಕೈ ಹೊಂದುವುದಿಲ್ಲ. ಮಹಾರಾಷ್ಟ್ರದ ಇಂಜಿನಿಯರಿಂಗ್ ಪ್ರವೇಶಕ್ಕೆ ಪ್ರವೇಶ ಪರೀಕ್ಷೆಯ ಅಂಕವೇ ಪ್ರಧಾನ. ಹನ್ನೆರಡನೆಯ ತರಗತಿಯ ಅಂಕ ಅರ್ಹತೆಗೆ ಮಾತ್ರ. ಕರ್ನಾಟಕದಲ್ಲಿಯಾದರೋ ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಾಲು ಸಿ.ಇ.ಟಿ.ಯಿಂದ, ಇನ್ನರ್ಧ ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯ ಅಂಕಗಳಿಂದ. ಮಗುವನ್ನು ಮುಂದೆ ಊರ ಕಡೆಗೆ ಕಳಿಸುವ ಇರಾದೆಯುಳ್ಳವರು ಮೊದಲು ಅಲ್ಲಿಯ ಅರ್ಹತೆಯ ನಿಯಮಗಳನ್ನು ಓದಿಕೊಳ್ಳಬೇಕು. ತರಗತಿಯ ಪಾಠವನ್ನು ಬದಿಗಿಟ್ಟು ಬರೀ ಸಿ.ಇ.ಟಿ. ಗಿಣಿಪಾಠ ಮಾಡಿಸುವ ಕಾಲೇಜು ಅವರಿಗೆ ಉಪಯೋಗಕ್ಕೆ ಬಾರದು.

ಹಾಗಾದರೆ ಹೋಲಿಸಲೇಬಾರದೇ? ಹೋಲಿಸಬೇಕು. ಕಣ್ಣುಮುಚ್ಚಿ ಸೇರಿಸುವುದಕ್ಕಿಂತ ಕೇಳಿ ಸೇರಿಸುವುದು ಮೇಲು. ಆದರೆ ಪಟ್ಟಿಯಲ್ಲಿ ಬಿಟ್ಟುಹೋದ ಕಾಲಂಗಳನ್ನು ನಾವೇ ತುಂಬಿಕೊಳ್ಳಬೇಕು. ಮುಖ್ಯಾಧ್ಯಾಪಕರ ಬಳಿಗೆ ಹೋಗಿ ಈ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಕಳೆದ ಮೂರು ವರ್ಷಗಳಲ್ಲಿ ಹತ್ತನೆಯ ತರಗತಿಗೆ ಎಷ್ಟು ಮಕ್ಕಳಿದ್ದರು, ಅವರೆಲ್ಲ ಏನಾದರು? ಒಂಬತ್ತರಲ್ಲಿ ಎಷ್ಟು ಮಂದಿಯನ್ನು ಶಾಲೆ ಬಿಡಿಸಿದಿರಿ? ಗಣಿತ, ವಿಜ್ಞಾನಗಳನ್ನು ಕಲಿಸುವವರು ಯಾರು, ಎಷ್ಟು ವರ್ಷಗಳಿಂದ ಇದ್ದಾರೆ? ನಡುಮಟ್ಟದ ಮಗು ಹಿಂದೆ ಬಿದ್ದರೆ ನೀವು ಏನು ಮಾಡುತ್ತೀರಿ? ಉತ್ತರ ಕೊಡಲು ಹಿಂಜರಿಯುವ ಶಾಲೆಯ ಸರಾಸರಿ ಎಷ್ಟೇ ಇರಲಿ, ಅಲ್ಲಿ ಎರಡು ಸಲ ಯೋಚಿಸಿರಿ.

ಮುಂದಿನ ಭಾನುವಾರ ಮಿತ್ರರ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆ. ಅವರ ಮಗಳು ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. “ಕಾಕಾ, ನಮ್ಮ ಸಾಲ್ಯಾಗ ದೀಪಾವಳಿಯಿಂದ ಗಣಿತದ ಮಾಸ್ತರರೇ ಇಲ್ಲ. ಒಮ್ಮೆ ಮರಾಠಿ ಬಾಯಿ ಬರ್ತಾರ, ಒಮ್ಮೆ ಡ್ರಿಲ್ ಮಾಸ್ತರು ಬರ್ತಾರ” ಎಂದಳು.

ತಂದೆಗೆ ಈ ಸಂಗತಿ ಗೊತ್ತೇ ಇರಲಿಲ್ಲ. ನನಗೂ ನಾಚಿಕೆಯಾಯಿತು, ಶಾಲೆಯ ಪರವಾಗಿ ಅಷ್ಟು ಹೊತ್ತು ವಾದಿಸಿದವನು ನಾನು! ಇಬ್ಬರೂ ಸೋಮವಾರ ರಜೆ ಹಾಕಿ ಶಾಲೆಗೆ ಹೋದೆವು. ಮುಖ್ಯಾಧ್ಯಾಪಕರು ಸತ್ಯವನ್ನೇ ಹೇಳಿದರು. ಪಟ್ಟಿಯಲ್ಲಿ ಸರಾಸರಿ ತೆಗೆದ ವರ್ಷ ಸಿ.ಇ.ಟಿ.ಗೆ ಕುಳಿತಿದ್ದ ಅವರ ಹಳೆಯ ವಿದ್ಯಾರ್ಥಿಗಳು ಆರೇ ಮಂದಿ. ಉಳಿದವರು ಕಾಮರ್ಸಿಗೆ, ಡಿಪ್ಲೊಮಾಕ್ಕೆ, ಐ.ಟಿ.ಐ.ಗೆ ಹೋಗಿದ್ದರು, ಅನೇಕರು ಇಂದು ಸ್ವಂತ ಸಂಪಾದನೆಯಲ್ಲಿದ್ದಾರೆ. ಆ ಹತ್ತೊಂಬತ್ತನೆಯ ಸ್ಥಾನಕ್ಕೆ ಅರ್ಥವಿರಲಿಲ್ಲ. ಆದರೆ ಗಣಿತದ ಉಪಾಧ್ಯಾಯರು ನಿವೃತ್ತರಾದ ಮೇಲೆ ಆ ಜಾಗ ತುಂಬದೆ ಉಳಿದದ್ದೂ ನಿಜ. ಅದನ್ನು ಯಾವ ಪಟ್ಟಿಯೂ ಹೇಳಿರಲಿಲ್ಲ.

ಇಪ್ಪತ್ತೇಳು ಮಂದಿ ಪಾಲಕರು ಸಹಿ ಮಾಡಿದ ಅರ್ಜಿಯೊಂದು ಈಗ ಆಡಳಿತ ಮಂಡಳಿಯ ಮುಂದಿದೆ. ಖಾಯಂ ನೇಮಕ ಆಗುವವರೆಗೆ ತಾಸಿನ ಲೆಕ್ಕದ ಮೇಲೆ ಒಬ್ಬರನ್ನು ತರಿಸುವುದಾಗಿ ಮಂಡಳಿಯವರು ಮಾತು ಕೊಟ್ಟಿದ್ದಾರೆ. ಮಿತ್ರರು ಮಗಳ ದಾಖಲೆಯನ್ನು ಇನ್ನೂ ಬಿಡಿಸಿಲ್ಲ. “ದಸರೆಯ ತನಕ ನೋಡ್ತೀನ್ರಿ. ಮಾಸ್ತರು ಬರದಿದ್ದರ ಬಿಡಿಸೂದು ಖಂಡಿತ” ಎಂದಿದ್ದಾರೆ. ಅವರ ಮಾತು ನ್ಯಾಯವಾದದ್ದೇ. ಕನ್ನಡದ ಶಾಲೆ ಎಂಬ ಒಂದೇ ಅಭಿಮಾನಕ್ಕಾಗಿ ಮಗುವಿಗೆ ಗಣಿತ ಇಲ್ಲದಂತೆ ಮಾಡಿರೆಂದು ಹೇಳುವ ಅಧಿಕಾರ ನನಗಾಗಲಿ ಸಂಘಕ್ಕಾಗಲಿ ಇಲ್ಲ.

ಇಷ್ಟು ಕಾರಣಗಳಿಂದ ಆ ಪಟ್ಟಿಯನ್ನು ಇಲ್ಲಿ ಅಚ್ಚು ಹಾಕಿಸಿಲ್ಲ. ನಿಮ್ಮ ನಿಮ್ಮ ಬಡಾವಣೆಯ ಶಾಲೆಗಳಿಗೆ ಹೋಗಿ, ಮೇಲಿನ ನಾಲ್ಕು ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರಗಳನ್ನು ಬರೆದು ಕಳಿಸಿರಿ. ಷರಾ ಕಾಲಂ ತುಂಬಿದ ಪಟ್ಟಿಯನ್ನು ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸೋಣ.